ಒದೆಯುವ ಕಾಲು, ನಿಂತ ಕಾಲು

ರೌಂಡ್‌ಹೌಸ್ ಕಿಕ್ ಹೊಡೆಯುವವರನ್ನು ನೋಡುವಾಗ ಎಲ್ಲರ ಕಣ್ಣೂ ಗಾಳಿಯಲ್ಲಿ ಬೀಸುವ ಕಾಲಿನ ಮೇಲೇ ನೆಟ್ಟಿರುತ್ತದೆ. ಬಲ್ಲ ಕೋಚ್ ನೋಡುವುದು ನೆಲದ ಮೇಲಿರುವ ಇನ್ನೊಂದು ಕಾಲನ್ನು. ಬಲಗಾಲು ಎದುರಿಗೆ ನೇತಾಡುವ ಬ್ಯಾಗಿನತ್ತ ಹೊರಟ ಹೊತ್ತಿಗೆ ಎಡಪಾದ ಬೆರಳುಗಳ ಬುಡದ ಮೇಲೆ ನಿಂತು ಗರ್ರನೆ ತಿರುಗಬೇಕು, ಹಿಮ್ಮಡಿ ಹೆಚ್ಚುಕಡಿಮೆ ಬ್ಯಾಗಿನ ಕಡೆಗೇ ಬರುವಷ್ಟು. ಹಾಗೆ ತಿರುಗಿದರೆ ಸೊಂಟ ತೆರೆದುಕೊಳ್ಳುತ್ತದೆ, ಮೈಯ ತೂಕವೆಲ್ಲ ಒದೆತದಲ್ಲಿ ಸೇರುತ್ತದೆ. ತಿರುಗದೆ ಪಾದ ನೆಲಕ್ಕೆ ಅಂಟಿಕೊಂಡೇ ಉಳಿಯಿತೆನ್ನಿ, ಆಗ ಸೊಂಟ ಒಂದು ಕಡೆ ಹೋಗುತ್ತದೆ, ಪಾದ ಇದ್ದಲ್ಲೇ ಇರುತ್ತದೆ, ನಡುವಿನ ತಿರುಚೆಲ್ಲ ಮಂಡಿಯ ಪಾಲಾಗುತ್ತದೆ. ಮಂಡಿ ಮಡಚಿ ಬಿಡಿಸುವುದಕ್ಕೆಂದು ಇರುವ ಕೀಲು. ತಿರುಚುವ ಬಲವನ್ನು ಅದು ತಾಳಿಕೊಳ್ಳುವುದು ಅಷ್ಟಕ್ಕಷ್ಟೇ.

ಗುದ್ದಿನ ಕಥೆಯೂ ಬೇರೆಯಲ್ಲ. ಸೋವಿಯತ್ ಸಂಶೋಧಕ ಫಿಲಿಮೊನೊವ್ ಮತ್ತು ಸಂಗಡಿಗರು 120 ಬಾಕ್ಸರ್‌ಗಳ ನೇರ ಗುದ್ದನ್ನು ಅಳೆದು 1985ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ತರಬೇತುದಾರರ ಬಾಯಲ್ಲಿದೆ. ನುರಿತವರ ಗುದ್ದಿನಲ್ಲಿ ಕಾಲು ನೆಲವನ್ನು ತಳ್ಳುವುದರಿಂದ ಬರುವ ಪಾಲು ಸುಮಾರು ಶೇ. 38, ತೋಳಿನ ಪಾಲು ಶೇ. 24. ಕಲಿಯುವ ಹಂತದಲ್ಲಿರುವವರಲ್ಲಿ ಕಾಲಿನ ಪಾಲು ಶೇ. 17ಕ್ಕೂ ಕೆಳಗಿಳಿದು, ತೋಳಿನದು ಶೇ. 38ಕ್ಕೆ ಏರುತ್ತದೆ. ಹೊಸಬರು ಕೈಯಿಂದ ಗುದ್ದುತ್ತಾರೆ, ಹಳಬರು ಕಾಲಿನಿಂದ ಗುದ್ದುತ್ತಾರೆ. ಈ ವ್ಯತ್ಯಾಸ ಕನ್ನಡಿ ನೋಡಿಕೊಂಡರೆ ತಿಳಿಯುವುದಿಲ್ಲ. ಪಕ್ಕದಲ್ಲಿ ನಿಂತು ನೋಡಿ ತಿದ್ದುವವರು ಬೇಕು.

ಕಿಕ್‌ಬಾಕ್ಸಿಂಗ್ ಕ್ಲಾಸ್ ಸೇರಲು ಹೊರಟವರು ಸಾಮಾನ್ಯವಾಗಿ ಕೇಳುವುದು ಫೀಸ್ ಎಷ್ಟು, ಎಷ್ಟು ಕ್ಯಾಲೊರಿ ಕರಗುತ್ತದೆ, ತೂಕ ಯಾವಾಗ ಇಳಿಯುತ್ತದೆ ಎಂಬ ಪ್ರಶ್ನೆಗಳನ್ನು. ಅದಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ. ಮೂವತ್ತು ಜನ ಒಟ್ಟಿಗೆ ಒದೆಯುವಾಗ ಮೂವತ್ತು ನಿಂತ ಕಾಲುಗಳನ್ನು ಯಾರು ನೋಡುತ್ತಾರೆ?

ಮೊದಲಿಗೆ ಈ ಆಟದಲ್ಲಿ ಕ್ಲಾಸ್ ಇರಲಿಲ್ಲ, ಎದುರಾಳಿ ಇದ್ದ. 1960ರ ದಶಕದಲ್ಲಿ ಜಪಾನಿನ ಬಾಕ್ಸಿಂಗ್ ಸಂಘಟಕ ಒಸಾಮು ನೊಗುಚಿ ಥಾಯ್ಲೆಂಡಿನ ಮುಯೆ ಥಾಯ್ ಮತ್ತು ಜಪಾನಿನ ಕರಾಟೆಯನ್ನು ಎದುರುಬದುರು ನಿಲ್ಲಿಸಿ ಹೊಸ ಪಂದ್ಯವೊಂದನ್ನು ಕಟ್ಟಿದರು. 1970ರ ದಶಕದಲ್ಲಿ ಅಮೆರಿಕದಲ್ಲಿ ಫುಲ್ ಕಾಂಟ್ಯಾಕ್ಟ್ ಕರಾಟೆಯಿಂದ ಇದರ ಇನ್ನೊಂದು ಕವಲು ಒಡೆಯಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕಿಕ್‌ಬಾಕ್ಸಿಂಗ್‌ನ ವಿಶ್ವ ಒಕ್ಕೂಟ ‘ವಾಕೊ’ಗೆ ಪೂರ್ಣ ಮಾನ್ಯತೆ ಕೊಟ್ಟಿದ್ದು 2021ರಲ್ಲಿ. ಇದು ಪಂದ್ಯದ ದಾರಿ.

ಜಿಮ್‌ನ ದಾರಿ ಬೇರೆ. ಕರಾಟೆ ಪಟು ಬಿಲ್ಲಿ ಬ್ಲ್ಯಾಂಕ್ಸ್ ಗುದ್ದು ಒದೆತಗಳಿಗೆ ಸಂಗೀತದ ತಾಳ ಕೂಡಿಸಿ ‘ಟೈ ಬೋ’ ಎಂದು ಕರೆದರು. 1990ರ ದಶಕದ ಕೊನೆಯಲ್ಲಿ ಅದರ ವಿಡಿಯೊ ಕ್ಯಾಸೆಟ್ಟುಗಳು ಲಕ್ಷಗಟ್ಟಲೆ ಖರ್ಚಾದವು. ಎದುರಾಳಿ ಕಾಣೆಯಾಗಿ ಆ ಜಾಗಕ್ಕೆ ಗಾಳಿ ಬಂತು, ಮುಂದೆ ನೇತಾಡುವ ಬ್ಯಾಗು ಬಂತು. ಪೆಟ್ಟು ತಿನ್ನುವ ಭಯ ಹೋದದ್ದರಿಂದ ಅಲ್ಲಿಯವರೆಗೆ ಈ ಕಡೆ ತಲೆಯನ್ನೂ ಹಾಕದಿದ್ದ ಗೃಹಿಣಿಯರು, ಆಫೀಸಿನವರು, ನಲವತ್ತು ದಾಟಿದವರು ಬಂದರು. ಇದನ್ನು ಕಲಬೆರಕೆ ಎಂದು ಮೂಗು ಮುರಿಯುವ ಹಳೆಯ ಕಾಳಗಪಟುಗಳಿದ್ದಾರೆ. ಆದರೆ ತಲೆಗೆ ಪೆಟ್ಟು ಬೀಳದೆ ಮೈಗೆ ದುಡಿಮೆ ಸಿಗುವುದು ಸಣ್ಣ ಲಾಭವೇನಲ್ಲ. ಮಿದುಳಿಗೆ ಆಗುವ ಗಾಯದ ಬಗ್ಗೆ ಈಗ ತಿಳಿದಿರುವುದನ್ನು ನೋಡಿದರೆ, ಬಹುಪಾಲು ಜನಕ್ಕೆ ಎದುರಾಳಿಯಿಲ್ಲದ ಕಿಕ್‌ಬಾಕ್ಸಿಂಗೇ ಸರಿಯಾದದ್ದು.

ಬೆಂಗಳೂರಿಗೆ ಕ್ಲಾಸ್ ಪದ್ಧತಿಯ ಜಿಮ್ ದೊಡ್ಡ ಪ್ರಮಾಣದಲ್ಲಿ ಪರಿಚಯವಾದದ್ದು ಕಲ್ಟ್ ಕೇಂದ್ರಗಳಿಂದ. 2016ರಲ್ಲಿ ಮುಕೇಶ್ ಬನ್ಸಾಲ್ ಮತ್ತು ಅಂಕಿತ್ ನಾಗೋರಿ ಇದೇ ಊರಲ್ಲಿ ಶುರು ಮಾಡಿದ ಕ್ಯೂರ್‌ಫಿಟ್ ಕಂಪನಿ ಅವುಗಳನ್ನು ಬೆಳೆಸಿತು. ಆ್ಯಪಿನಲ್ಲಿ ಸ್ಲಾಟ್ ಹಿಡಿದು, ಹೇಳಿದ ಹೊತ್ತಿಗೆ ಹೋಗಿ, ಗುಂಪಿನಲ್ಲಿ ನಿಂತು ಬಾಕ್ಸಿಂಗೋ ಯೋಗವೋ ಡ್ಯಾನ್ಸೋ ಮಾಡುವ ರೂಢಿ ಐಟಿ ಮಂದಿಗೆ ಬೇಗ ಹಿಡಿಸಿತು. ಇದಕ್ಕೆ ಎದುರು ಮಾದರಿಯೂ ಒಂದಿದೆ. ಅಮೆರಿಕದ ದಕ್ಷಿಣ ಕ್ಯಾರೊಲೈನಾದ ಗ್ರೀನ್‌ವಿಲ್‌ನಲ್ಲಿ 2008ರಲ್ಲಿ ಶುರುವಾದ ‘ನೈನ್‌ರೌಂಡ್’ ಎಂಬ ಕಿಕ್‌ಬಾಕ್ಸಿಂಗ್ ಸರಣಿಯಲ್ಲಿ ಕ್ಲಾಸೇ ಇಲ್ಲ. ಒಂಬತ್ತು ತಾಣಗಳು, ಒಂದೊಂದರಲ್ಲಿ ಮೂರು ನಿಮಿಷ. ಬಂದವರು ಬಂದ ಹೊತ್ತಿಗೆ ಮೊದಲ ತಾಣದಿಂದ ಹೊರಟು ಅರ್ಧ ಗಂಟೆಯಲ್ಲಿ ಮುಗಿಸಿ ಹೋಗುತ್ತಾರೆ. ಅಂದರೆ ಕಿಕ್‌ಬಾಕ್ಸಿಂಗ್ ಬೇಕು ಅನ್ನುವವರೆಲ್ಲ ಕ್ಲಾಸಿಗೇ ಹೋಗಬೇಕಾಗಿಲ್ಲ. ಕ್ಲಾಸು ಎಂಬುದು ಬೇರೆಯೇ ಆದ ಆಯ್ಕೆ. ಅದು ಏನು ಕೊಡುತ್ತದೆ, ಏನು ಕಿತ್ತುಕೊಳ್ಳುತ್ತದೆ ಎಂದು ಪ್ರತ್ಯೇಕವಾಗಿ ತೂಗಬೇಕು.

ಕ್ಯಾಲೊರಿಯ ಮಾತನ್ನು ಬೇಗ ಮುಗಿಸಿಬಿಡಬಹುದು. ದೈಹಿಕ ಚಟುವಟಿಕೆಗಳ ಶ್ರಮವನ್ನು ಅಳೆಯಲು ‘ಮೆಟ್’ ಎಂಬ ಏಕಮಾನವಿದೆ. ಸುಮ್ಮನೆ ಕುಳಿತಾಗ ಖರ್ಚಾಗುವ ಶಕ್ತಿ ಒಂದು ಮೆಟ್. ಸಂಶೋಧಕರು ಬಳಸುವ 2011ರ ಪಟ್ಟಿಯಲ್ಲಿ ಬ್ಯಾಗಿಗೆ ಗುದ್ದುವುದಕ್ಕೆ 5.5 ಮೆಟ್, ಹೊಸಬರ ನಿಧಾನಗತಿಯ ಸಮರಕಲೆ ಅಭ್ಯಾಸಕ್ಕೆ 5.3, ಮಧ್ಯಮ ಗತಿಯ ಕಿಕ್‌ಬಾಕ್ಸಿಂಗ್‌ಗೆ 10.3 ಎಂದಿದೆ. ಮೆಟ್ ಅನ್ನು ದೇಹತೂಕದಿಂದಲೂ ಗಂಟೆಯಿಂದಲೂ ಗುಣಿಸಿದರೆ ಕ್ಯಾಲೊರಿ ಸಿಗುತ್ತದೆ. 65 ಕಿಲೊ ತೂಗುವ ಹೊಸಬರಿಗೆ ಗಂಟೆಗೆ ಸುಮಾರು 350, ಅದೇ ತೂಕದವರು ಮಧ್ಯಮ ಗತಿಯಲ್ಲಿ ಮಾಡಿದರೆ ಸುಮಾರು 670. ಅಮೆರಿಕದ ವ್ಯಾಯಾಮ ಮಂಡಳಿಯೊಂದು 1999ರ ಸುಮಾರಿಗೆ ನಡೆಸಿದ ಅಧ್ಯಯನದಲ್ಲೂ ಇಂಥ ಕ್ಲಾಸಿನ ಖರ್ಚು ಗಂಟೆಗೆ 350ರಿಂದ 450 ಎಂದೇ ಬಂತು. ಪೋಸ್ಟರಿನಲ್ಲಿ 800 ಎಂದು ಬರೆದಿದ್ದರೆ ಅದು ಮೊದಲ ತಿಂಗಳಿನವರ ಲೆಕ್ಕವಂತೂ ಅಲ್ಲ. ಅದೂ ಅಲ್ಲದೆ ಕೈಪಟ್ಟಿ ಸುತ್ತಿಕೊಳ್ಳುವುದು, ವಾರ್ಮ್ ಅಪ್, ನೀರು ಕುಡಿಯುವುದು, ಕೊನೆಯ ಸ್ಟ್ರೆಚಿಂಗ್ ಕಳೆದರೆ ಒಂದು ಗಂಟೆಯ ಕ್ಲಾಸಿನಲ್ಲಿ ನಿಜವಾದ ಒದೆತ ಗುದ್ದುಗಳಿಗೆ ಉಳಿಯುವುದು ಮುಕ್ಕಾಲು ಗಂಟೆಗೂ ಕಡಿಮೆ.

ಕ್ಲಾಸಿನ ನಿಜವಾದ ಬಂಡವಾಳ ಜೊತೆಗಾರರು. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಮನುಷ್ಯ ಹೆಚ್ಚು ದುಡಿಯುತ್ತಾನೆಯೇ ಎಂಬ ಪ್ರಶ್ನೆಗೆ ಪ್ರಯೋಗದ ಮೂಲಕ ಉತ್ತರ ಹುಡುಕಿದವರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಮೊದಲಿಗರು. ಸೈಕಲ್ ಪಂದ್ಯಗಳ ದಾಖಲೆ ನೋಡುವಾಗ, ಒಬ್ಬಂಟಿಯಾಗಿ ಗಡಿಯಾರದ ಎದುರು ಓಡಿಸುವವರಿಗಿಂತ ಜೊತೆಯಲ್ಲಿ ಓಡಿಸುವವರು ವೇಗವಾಗಿ ಹೋಗುತ್ತಾರೆ ಎಂಬುದು ಅವರ ಗಮನಕ್ಕೆ ಬಂತು. ಮಕ್ಕಳ ಕೈಗೆ ಮೀನಿನ ಗಾಳದ ರಾಟೆ ಕೊಟ್ಟು, ಒಬ್ಬರೇ ಇದ್ದಾಗ ಎಷ್ಟು ಬೇಗ ಸುತ್ತುತ್ತಾರೆ, ಇಬ್ಬರಿದ್ದಾಗ ಎಷ್ಟು ಬೇಗ ಎಂದು ಅಳೆದು 1898ರಲ್ಲಿ ಬರೆದರು. ಹಲವು ಮಕ್ಕಳು ಜೊತೆಯಲ್ಲಿ ಚುರುಕಾದರು. ಕೆಲವರು ಗಡಿಬಿಡಿಯಾಗಿ ಇನ್ನೂ ನಿಧಾನವಾದರು ಎಂಬುದನ್ನೂ ಟ್ರಿಪ್ಲೆಟ್ ದಾಖಲಿಸಿದ್ದಾರೆ. ಆ ಎರಡನೆಯ ಗುಂಪಿನ ಮಾತನ್ನು ಜಾಹೀರಾತುಗಳು ಎತ್ತುವುದಿಲ್ಲ.

1920ರ ದಶಕದಲ್ಲಿ ಬರ್ಲಿನ್ನಿನ ದೋಣಿ ಹುಟ್ಟುಗಾರರ ಮೇಲೆ ಪ್ರಯೋಗ ಮಾಡಿದ ಒಟ್ಟೊ ಕೋಲರ್ ಇನ್ನೂ ಸೂಕ್ಷ್ಮವಾದ ವಿಷಯ ಕಂಡರು. ಭಾರ ಎತ್ತುವ ಕೆಲಸವನ್ನು ಇಬ್ಬರಿಗೆ ಜಂಟಿಯಾಗಿ ಕೊಟ್ಟು, ಒಬ್ಬರು ಸೋತರೆ ಇಬ್ಬರದೂ ನಿಲ್ಲುವಂತೆ ಮಾಡಿದಾಗ, ದುರ್ಬಲನಾದವನು ಒಬ್ಬನೇ ಇದ್ದಾಗಿನದಕ್ಕಿಂತ ಹೆಚ್ಚು ಹೊತ್ತು ತಡೆದ. ಆದರೆ ಇಬ್ಬರ ಬಲದ ನಡುವಿನ ಅಂತರ ಮಧ್ಯಮವಾಗಿದ್ದರೆ ಮಾತ್ರ ಲಾಭ ಹೆಚ್ಚು. ಇಬ್ಬರೂ ಸರಿಸಮವಾಗಿದ್ದರೆ, ಇಲ್ಲವೆ ಒಬ್ಬ ತೀರಾ ಬಲಿಷ್ಠನಾಗಿದ್ದರೆ, ಆ ಲಾಭ ಕರಗಿಹೋಗುತ್ತಿತ್ತು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಡೆಬೊರಾ ಫೆಲ್ಟ್ಸ್ ತಂಡ 2011ರಲ್ಲಿ ಪ್ಲ್ಯಾಂಕ್ ವ್ಯಾಯಾಮದಲ್ಲಿ ಇದನ್ನು ಪರೀಕ್ಷಿಸಿತು. ಪರದೆಯ ಮೇಲೆ ತಮಗಿಂತ ಮೇಲಾದ ಜೊತೆಗಾರ ಕಾಣಿಸಿದಾಗ ಜನ ಸುಮಾರು ಶೇ. 24ರಷ್ಟು ಹೆಚ್ಚು ಹೊತ್ತು ತಾಳಿದರು.

ಕಿಕ್‌ಬಾಕ್ಸಿಂಗ್ ಕ್ಲಾಸಿನಲ್ಲಿ ಇದು ಕಣ್ಣಿಗೆ ಕಾಣುವುದು ಪ್ಯಾಡ್ ಹಿಡಿಯುವ ಹೊತ್ತಿನಲ್ಲಿ. ಇಬ್ಬರು ಜೋಡಿಯಾಗಿ, ಒಬ್ಬರು ಥಾಯ್ ಪ್ಯಾಡ್ ಹಿಡಿದು ಇನ್ನೊಬ್ಬರು ಹೊಡೆಯುವಾಗ, ಅರ್ಧಕ್ಕೆ ಕೈಬಿಟ್ಟರೆ ಎದುರಿನವರ ಸುತ್ತೂ ಹಾಳು. ಹಾಗಾಗಿ ಮೂರನೆಯ ನಿಮಿಷದಲ್ಲೂ ಒದೆತ ಬೀಳುತ್ತದೆ. ಆದ್ದರಿಂದ ಕ್ಲಾಸ್ ನೋಡಲು ಹೋದವರು ಜೋಡಿ ಮಾಡುವ ರೀತಿಯನ್ನು ಗಮನಿಸಬೇಕು. ಹೊಸಬರನ್ನು ಅವರಿಗಿಂತ ಒಂದು ಮೆಟ್ಟಿಲು ಮೇಲಿರುವವರ ಜೊತೆ ಸೇರಿಸುವ ಕೋಚ್ ಸಿಕ್ಕರೆ ಅದೃಷ್ಟ. ಯಾರು ಪಕ್ಕದಲ್ಲಿದ್ದಾರೋ ಅವರನ್ನೇ ಜೋಡಿ ಮಾಡುವ ಕಡೆ, ವಾರದ ಹಿಂದೆ ಸೇರಿದವರು ಐದು ವರ್ಷದಿಂದ ಒದೆಯುತ್ತಿರುವವರಿಗೆ ಪ್ಯಾಡ್ ಹಿಡಿದು ಮಣಿಕಟ್ಟು ಉಳುಕಿಸಿಕೊಳ್ಳುವುದು ಹೊಸದಲ್ಲ.

ಇಲ್ಲಿ ಒಂದು ಎಚ್ಚರದ ಮಾತು. ಒಂದೇ ಕೋಣೆಯಲ್ಲಿ ಒಟ್ಟಿಗೆ ಬೆವರಿದ ಮಾತ್ರಕ್ಕೆ ಜನ ಗುಂಪಾಗುವುದಿಲ್ಲ. 2006ರಲ್ಲಿ ಬರ್ಕ್, ಕ್ಯಾರನ್ ಮತ್ತಿತರರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಸದಸ್ಯರ ನಡುವೆ ನಂಟು ಬೆಳೆಯುವಂತೆ ಬೇಕೆಂದೇ ಕಟ್ಟಿದ ಗುಂಪುಗಳು ಎಲ್ಲಕ್ಕಿಂತ ಮುಂದಿದ್ದವು. ಮಾಮೂಲಿ ವ್ಯಾಯಾಮದ ಕ್ಲಾಸು ಮಾತ್ರ, ಆಗಾಗ ಯಾರಾದರೂ ವಿಚಾರಿಸಿಕೊಳ್ಳುತ್ತಿದ್ದರೆ ಮನೆಯಲ್ಲೇ ಮಾಡುವ ವ್ಯಾಯಾಮಕ್ಕಿಂತ ಮೇಲೇನೂ ಆಗಿರಲಿಲ್ಲ. ಹೆಸರು ಹಿಡಿದು ಕರೆಯುವ, ಎರಡು ದಿನ ಬರದಿದ್ದರೆ ಎಲ್ಲಿ ಹೋಗಿದ್ದಿರಿ ಎಂದು ಕೇಳುವ ಕ್ಲಾಸಿಗೂ, ಆ್ಯಪಿನಲ್ಲಿ ಸ್ಲಾಟ್ ಹಿಡಿದು ಬಂದು ಮಾತಿಲ್ಲದೆ ಹೋಗುವ ಕ್ಲಾಸಿಗೂ ಇರುವ ಅಂತರ ದೊಡ್ಡದು. ಫೀಸ್ ಎರಡಕ್ಕೂ ಒಂದೇ ಇರಬಹುದು.

ಮನಸ್ಸಿನ ನೆಮ್ಮದಿಯ ಬಗ್ಗೆ ಅಮೆರಿಕದ ನ್ಯೂ ಇಂಗ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಡೇನಾ ಯಾರ್ಕ್ಸ್ ತಂಡ 69 ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ನಡೆಸಿದ 12 ವಾರಗಳ ಅಧ್ಯಯನ 2017ರಲ್ಲಿ ಬಂತು. ಗುಂಪಿನಲ್ಲಿ ವ್ಯಾಯಾಮ ಮಾಡಿದವರ ಒತ್ತಡ ಶೇ. 26ರಷ್ಟು ಇಳಿದಿತ್ತು; ಒಬ್ಬರೇ ಮಾಡಿದವರು ಹೆಚ್ಚು ಹೊತ್ತು ದುಡಿದರೂ ಒತ್ತಡ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಕ್ಲಾಸ್ ನಡೆಸುವವರು ಇದನ್ನು ಬಹಳ ಪ್ರೀತಿಯಿಂದ ಎತ್ತಿ ಹೇಳುತ್ತಾರೆ. ಆದರೆ ಆ ವಿದ್ಯಾರ್ಥಿಗಳು ಗುಂಪನ್ನೋ ಒಂಟಿತನವನ್ನೋ ತಾವೇ ಆರಿಸಿಕೊಂಡಿದ್ದರು. ಗುಂಪು ಇಷ್ಟಪಡುವವರಿಗೆ ಗುಂಪು ಒಗ್ಗಿತು ಎಂದಷ್ಟೇ ಇದರಿಂದ ಹೇಳಬಹುದು. ಜನರ ನಡುವೆ ಬೆವರು ಸುರಿಸಲು ಮುಜುಗರಪಡುವವರು ಬಲವಂತವಾಗಿ ಸೇರಿದರೆ ಅದೇ ಫಲ ಸಿಕ್ಕೀತು ಎನ್ನಲು ಆಧಾರವಿಲ್ಲ.

ಕ್ಲಾಸು ಕಿತ್ತುಕೊಳ್ಳುವುದು ಸ್ವಂತ ಗತಿಯನ್ನು. ಮೈಕಿನಲ್ಲಿ ಕೂಗುವ ಎಣಿಕೆ ಎಲ್ಲರಿಗೂ ಒಂದೇ, ಇಪ್ಪತ್ತೈದರ ಫುಟ್‌ಬಾಲ್ ಆಟಗಾರನಿಗೂ ಹೆರಿಗೆಯಾಗಿ ವರ್ಷವಾದ ತಾಯಿಗೂ. ಪ್ರತಿಯೊಬ್ಬರ ದೇಹಕ್ಕೂ ಒಂದು ಹೊಸ್ತಿಲಿದೆ. ಅದರಾಚೆ ಉಸಿರು ಥಟ್ಟನೆ ಏರುತ್ತದೆ, ಮಾತು ತುಂಡಾಗುತ್ತದೆ. ಪಂತೆಲೆಮೊನ್ ಎಕ್ಕೆಕಾಕಿಸ್ ಮತ್ತು ಸಹೋದ್ಯೋಗಿಗಳ ವರ್ಷಾನುಗಟ್ಟಲೆಯ ಕೆಲಸದಿಂದ ತಿಳಿದಿರುವುದೇನೆಂದರೆ, ಆ ಹೊಸ್ತಿಲು ದಾಟಿದ ಮೇಲೆ ಹೆಚ್ಚಿನವರಿಗೆ ವ್ಯಾಯಾಮ ಹಿತವಾಗಿರುವುದಿಲ್ಲ. ಮುಗಿದ ಕೂಡಲೆ ಹಾಯೆನಿಸುತ್ತದೆ ನಿಜ, ಆದರೆ ಮುಂದೆ ಬರುವರೋ ಬಿಡುವರೋ ಎಂಬುದನ್ನು ನಡುವಿನ ಅನುಭವ ಹೇಳುತ್ತದೆ. ಡೇವಿಡ್ ವಿಲಿಯಮ್ಸ್ 2008ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ವ್ಯಾಯಾಮದ ಅಭ್ಯಾಸವಿಲ್ಲದವರನ್ನು ಟ್ರೆಡ್‌ಮಿಲ್ ಮೇಲೆ ನಡೆಸುತ್ತ, ಹೇಗನ್ನಿಸುತ್ತಿದೆ ಎಂದು −5ರಿಂದ +5ರವರೆಗಿನ ಅಂಕದಲ್ಲಿ ಹೇಳಿಸಿದರು. ಒಂದು ಅಂಕ ಹೆಚ್ಚು ಹೇಳಿದವರು ಆರು ತಿಂಗಳ ಬಳಿಕ ವಾರಕ್ಕೆ ಸುಮಾರು 38 ನಿಮಿಷ ಹೆಚ್ಚು ಚಟುವಟಿಕೆ ಮಾಡುತ್ತಿದ್ದರು.

ಇದನ್ನು ಟ್ರಯಲ್ ಕ್ಲಾಸಿನಲ್ಲೇ ಬಳಸಬಹುದು. ಇಪ್ಪತ್ತನೆಯ ನಿಮಿಷದಲ್ಲಿ, ಬೆವರಿನ ನಡುವೆಯೇ, ಹೇಗಿದೆ ಎಂದು ಮನಸ್ಸಿನಲ್ಲೇ ಅಂಕ ಹಾಕಿಕೊಳ್ಳಬೇಕು. ಒಂದು ಪೂರ್ತಿ ವಾಕ್ಯ ಹೇಳಲು ಬರುತ್ತದೆಯೇ ಎಂದು ನೋಡಿಕೊಳ್ಳಬೇಕು. ಗತಿ ಇಳಿಸಿದಾಗ ಕೋಚ್ ಏನನ್ನುತ್ತಾರೆ ಎಂಬುದು ಇವೆಲ್ಲಕ್ಕಿಂತ ಮುಖ್ಯ. ನೆಗೆಯುವ ಬದಲು ಹೆಜ್ಜೆ ಹಾಕಿ, ಸೊಂಟದ ಮಟ್ಟಕ್ಕೆ ಒದೆಯಲಾಗದಿದ್ದರೆ ತೊಡೆಯ ಮಟ್ಟಕ್ಕೆ ಒದೆಯಿರಿ ಎನ್ನುವವರು ಕಲಿಸಲು ಬಂದವರು. ನಿಲ್ಲಬೇಡಿ, ನೋವೇ ಲಾಭ ಎಂದು ಕೂಗುವವರ ಕ್ಲಾಸಿನಿಂದ ಹೊಸಬರು ದೂರವಿರುವುದೇ ಒಳ್ಳೆಯದು.

ಈ ಕಠೋರ ಮಾತಿಗೆ ಕಾರಣವಿದೆ. ಅಭ್ಯಾಸವಿಲ್ಲದ ಸ್ನಾಯುಗಳನ್ನು ಮೊದಲ ದಿನವೇ ಮಿತಿಮೀರಿ ದುಡಿಸಿದರೆ ಸ್ನಾಯುತಂತುಗಳು ಒಡೆದು, ಅವುಗಳೊಳಗಿನ ಮಯೊಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು. ಇದರ ಹೆಸರು ರ್‍ಯಾಬ್ಡೊಮಯೊಲಿಸಿಸ್. ಮೊದಲ ಸ್ಪಿನ್ ಕ್ಲಾಸ್ ಮುಗಿಸಿ ಆಸ್ಪತ್ರೆ ಸೇರಿದವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಗುಂಪಿನ ಹುರುಪು ದೇಹ ಕೊಡುವ ಸೂಚನೆಯನ್ನು ಮರೆಸುತ್ತದೆ ಎಂಬುದೇ ಇಲ್ಲಿನ ಅಪಾಯ. ಒಂದೆರಡು ದಿನದಲ್ಲಿ ತಡೆಯಲಾರದ ನೋವು, ಊತ, ಡಿಕಾಕ್ಷನ್ ಬಣ್ಣದ ಮೂತ್ರ ಕಂಡರೆ ಕಾಯದೆ ವೈದ್ಯರ ಬಳಿ ಹೋಗಬೇಕು.

ಹೃದಯದ ವಿಷಯವನ್ನು ಕರ್ನಾಟಕದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮೈಯನ್ನು ಅಷ್ಟು ಚೆನ್ನಾಗಿ ಇಟ್ಟುಕೊಂಡಿದ್ದವರಿಗೇ ಹೀಗಾಯಿತಲ್ಲ ಎಂದು ನಾಡು ತತ್ತರಿಸಿತು. ಆಮೇಲಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗಾಗಿ ಜನ ಮುಗಿಬಿದ್ದರು. ಅನೇಕರು ಜಿಮ್ಮನ್ನೇ ಬಿಟ್ಟರು. ಆ ಭಯ ಅರ್ಥವಾಗುವಂಥದ್ದು, ಆದರೆ ಅಂಕಿಗಳು ಬೇರೆ ಕಡೆ ಬೆರಳು ತೋರಿಸುತ್ತವೆ. ಅಮೆರಿಕದಲ್ಲಿ 21,481 ಪುರುಷ ವೈದ್ಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 2000ದಲ್ಲಿ ಹೇಳಿದಂತೆ, ತೀವ್ರ ಶ್ರಮದ ಹೊತ್ತಿನಲ್ಲಿ ಮತ್ತು ನಂತರದ ಅರ್ಧ ಗಂಟೆಯಲ್ಲಿ ಹಠಾತ್ ಸಾವು ಸಂಭವಿಸಿದ್ದು 15.1 ಲಕ್ಷ ಸಲಕ್ಕೆ ಒಮ್ಮೆ. ಸುಮ್ಮನಿರುವ ಹೊತ್ತಿಗೆ ಹೋಲಿಸಿದರೆ ಆ ಗಳಿಗೆಯ ಅಪಾಯ ಹೆಚ್ಚೇ, ಆದರೆ ನಿಯಮಿತವಾಗಿ ಶ್ರಮಪಡುವವರಲ್ಲಿ ಆ ಹೆಚ್ಚಳ ಬಹಳ ಕಡಿಮೆಯಿತ್ತು. ಇನ್ನೊಂದು ಕಡೆ, ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ, ಹೆಂಗಸರಲ್ಲಿ ಶೇ. 57, ಸಾಕಷ್ಟು ಮೈ ಆಡಿಸುವುದೇ ಇಲ್ಲ. ಎದೆನೋವು, ತಲೆಸುತ್ತು, ಬಿಪಿ, ಸಕ್ಕರೆ ಕಾಯಿಲೆ, ಮನೆತನದಲ್ಲಿ ಎಳೆ ವಯಸ್ಸಿನ ಹೃದಯಾಘಾತ ಇದ್ದವರು ವೈದ್ಯರನ್ನು ಕಂಡೇ ಸೇರಬೇಕು. ‘ಪಾರ್‌-ಕ್ಯು’ ಎಂಬ ಏಳು ಪ್ರಶ್ನೆಗಳ ಪಟ್ಟಿ ಇದಕ್ಕೆಂದೇ ದಶಕಗಳಿಂದ ಬಳಕೆಯಲ್ಲಿದೆ. ಆ ಥರದ ಒಂದು ಪ್ರಶ್ನೆಯನ್ನೂ ಕೇಳದೆ ಗ್ಲವ್ಸ್ ಕೊಟ್ಟು ಬ್ಯಾಗಿನ ಮುಂದೆ ನಿಲ್ಲಿಸುವ ಕಡೆ ಮುಂದಿನ ಜಾಗ್ರತೆಯೂ ಅಷ್ಟೇ ಇರುತ್ತದೆ.

ಮೊದಲ ಹತ್ತು ನಿಮಿಷದಲ್ಲೇ ಕೋಚ್‌ನ ಕಸುಬು ತಿಳಿಯುವ ಇನ್ನೊಂದು ಜಾಗ ಕೈಪಟ್ಟಿ. ನಾಲ್ಕೂವರೆ ಮೀಟರ್ ಉದ್ದದ ಬಟ್ಟೆಯ ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಮಣಿಕಟ್ಟಿಗೆ ಮೂರು ಸುತ್ತು, ಬೆರಳಗಂಟುಗಳ ಮೇಲೆ ಮೂರು ಸುತ್ತು, ಬೆರಳ ಸಂದುಗಳಲ್ಲಿ ಹಾಯಿಸಿ ಮತ್ತೆ ಮಣಿಕಟ್ಟಿಗೆ ತರಬೇಕು. ಮುಷ್ಟಿ ಬಿಗಿದಾಗ ಅದು ಗಟ್ಟಿಯಾಗಿರಬೇಕು, ಅಂಗೈ ಬಿಚ್ಚಿದಾಗ ಬೆರಳು ಜೋಮು ಹಿಡಿಯಬಾರದು. ಗುದ್ದು ತೋರುಬೆರಳು ಮತ್ತು ನಡುಬೆರಳಿನ ಗಂಟುಗಳ ಮೇಲೆ ಬೀಳಬೇಕು. ಕಿರುಬೆರಳಿನ ಕಡೆ ಬಿದ್ದರೆ ಅಂಗೈಯ ಐದನೆಯ ಮೂಳೆ ಮುರಿಯಬಹುದು. ಬಾಕ್ಸರ್ ಮುರಿತ ಎಂದೇ ಅದಕ್ಕೆ ಹೆಸರು, ಆದರೆ ಅದು ಹೆಚ್ಚಾಗಿ ಆಗುವುದು ಗುದ್ದಲು ಕಲಿಯದವರಿಗೆ. ಇದನ್ನು ಒಬ್ಬೊಬ್ಬರಿಗೂ ಕೂತು ಕಲಿಸುವ ಕೋಚ್ ಮುಂದೆ ನಿಂತ ಕಾಲನ್ನೂ ನೋಡುತ್ತಾರೆ ಎಂದು ನಂಬಬಹುದು.

ಸಂಗೀತದ ಅಬ್ಬರವನ್ನೂ ಗಮನಿಸಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಮಿತಿಯಂತೆ 94 ಡೆಸಿಬೆಲ್ ಶಬ್ದ ದಿನಕ್ಕೆ ಒಂದು ಗಂಟೆ ಮಾತ್ರ, 100 ಡೆಸಿಬೆಲ್ ಆದರೆ ಕಾಲು ಗಂಟೆ ಮಾತ್ರ. ಕ್ಲಾಸ್ ಮುಗಿದ ಮೇಲೂ ಕಿವಿ ಗುಂಯ್‌ಗುಡುತ್ತಿದ್ದರೆ ಆ ಮಿತಿ ದಾಟಿದೆ ಎಂದೇ ತಿಳಿಯಬೇಕು.

ಕಾದಾಡಲು ಕಲಿಯಬೇಕು, ಆತ್ಮರಕ್ಷಣೆ ಬೇಕು ಎನ್ನುವವರಿಗೆ ಇಂಥ ಕ್ಲಾಸ್ ಸಾಲದು. ಬ್ಯಾಗು ತಿರುಗಿ ಹೊಡೆಯುವುದಿಲ್ಲ. ಎದುರಿನವರ ಚಲನೆಯನ್ನು ಓದುವುದು, ದೂರ ಅಳೆಯುವುದು ಸ್ಪಾರಿಂಗ್, ಅಂದರೆ ಎದುರಾಳಿಯೊಡನೆ ಅಭ್ಯಾಸದ ಕಾದಾಟ, ಇಲ್ಲದೆ ಬರುವುದಿಲ್ಲ. ಅವರು ಪಂದ್ಯಕ್ಕೆ ತಯಾರು ಮಾಡುವ ಗರಡಿಯನ್ನೇ ಹುಡುಕಬೇಕು. ಹೃದಯ, ಶ್ವಾಸಕೋಶಗಳಿಗೆ ದುಡಿಮೆ ಬೇಕೆನ್ನುವವರಿಗಾದರೆ ವಾರಕ್ಕೆ ಎರಡು ಮೂರು ಕ್ಲಾಸ್ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 75 ನಿಮಿಷಗಳ ತೀವ್ರ ಚಟುವಟಿಕೆ ಅಷ್ಟರಲ್ಲೇ ಸಿಗುತ್ತದೆ. ಸ್ನಾಯುಬಲಕ್ಕೆ ಅದೇ ಸಂಸ್ಥೆ ಸೂಚಿಸುವ ವಾರದ ಎರಡು ದಿನಗಳ ವ್ಯಾಯಾಮವನ್ನು ಬೇರೆಯಾಗಿ ಹೊಂದಿಸಿಕೊಳ್ಳಬೇಕು.

ಇನ್ನು ಹಣ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಹೆಲ್ತ್ ಕ್ಲಬ್ಬುಗಳ 7,752 ಸದಸ್ಯರ ಹಾಜರಿಯನ್ನು ಜಾಲಾಡಿ 2006ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾದದ್ದು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟುತ್ತಿದ್ದವರು ಹೋಗುತ್ತಿದ್ದುದು ಸರಾಸರಿ 4.3 ಸಲ. ಒಂದು ಭೇಟಿಗೆ 17 ಡಾಲರಿಗೂ ಹೆಚ್ಚು ಬಿತ್ತು, ಅದೇ ಕ್ಲಬ್ಬಿನಲ್ಲಿ ಹತ್ತು ಭೇಟಿಗಳ ಪಾಸು ಕೊಂಡರೆ ಭೇಟಿಗೆ 10 ಡಾಲರ್ ಮಾತ್ರ ಬೀಳುತ್ತಿದ್ದರೂ. ಹೋಗುವುದನ್ನು ಬಿಟ್ಟ ಮೇಲೂ ಸದಸ್ಯತ್ವ ರದ್ದು ಮಾಡಿಸಲು ಸರಾಸರಿ ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿದಿತ್ತು. ಹೆಚ್ಚಿನವರು ನಾಳೆಯ ತಮ್ಮ ಹುರುಪನ್ನು ಹೆಚ್ಚಾಗಿ ಅಂದಾಜು ಮಾಡಿದ್ದರು. ವರ್ಷದ ಪ್ಯಾಕೇಜಿಗೆ ಇವತ್ತೇ ಕಟ್ಟಿದರೆ ಅರ್ಧಕ್ಕರ್ಧ ರಿಯಾಯಿತಿ ಎಂದು ಕೌಂಟರಿನಲ್ಲಿ ಹೇಳುವಾಗ ಈ 4.3 ನೆನಪಿರಲಿ.

ಕ್ಲಾಸಿನ ನಿಗದಿತ ಹೊತ್ತು ಇಲ್ಲಿ ಎರಡು ಕಡೆಗೂ ಕೆಲಸ ಮಾಡುತ್ತದೆ. ಕೆನಡಾದ ಕೌಶಲ್ ಮತ್ತು ರೋಡ್ಸ್ 111 ಹೊಸ ಜಿಮ್ ಸದಸ್ಯರನ್ನು ಗಮನಿಸಿ 2015ರಲ್ಲಿ ಬರೆದಂತೆ, ವಾರಕ್ಕೆ ನಾಲ್ಕು ಸಲದಂತೆ ಆರು ವಾರ ಬಂದವರಲ್ಲಿ ರೂಢಿ ಬೇರೂರಿತು. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಒಂದೇ ಹೊತ್ತಿಗೆ ಬರುವ ಕ್ರಮ. ಮಾಡಬೇಕಾದ್ದು ಸರಳವಾಗಿರುವುದೂ ನೆರವಾಯಿತು. ಇವತ್ತು ಏನು ಮಾಡಲಿ ಎಂಬ ಯೋಚನೆಯನ್ನೇ ಕ್ಲಾಸು ತೆಗೆದುಹಾಕುವುದರಿಂದ ಹೊಸಬರಿಗೆ ಅನುಕೂಲ. ಆದರೆ ಸಂಜೆ ಏಳರ ಕ್ಲಾಸಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬರಬೇಕಾದವರು ವಾರದಲ್ಲಿ ಎರಡು ದಿನ ವಾರ್ಮ್ ಅಪ್ ತಪ್ಪಿಸಿಕೊಂಡು ನೇರ ಒದೆತಕ್ಕಿಳಿದರೆ ಕೆಡುವುದು ರೂಢಿಯಷ್ಟೇ ಅಲ್ಲ, ತೊಡೆಯ ಸ್ನಾಯು ಕೂಡ. ಅಂಥವರು ಬೆಳಗಿನ ಕ್ಲಾಸ್ ನೋಡಿಕೊಳ್ಳಬೇಕು, ಇಲ್ಲವೆ ಬಂದ ಹೊತ್ತಿಗೆ ಶುರು ಮಾಡಬಹುದಾದ ಜಿಮ್ ಹುಡುಕಬೇಕು. ಮೊದಲ ಆರು ವಾರ ಬಿಡಿ ಕ್ಲಾಸಿಗೆ ಹಣ ಕೊಟ್ಟು ಹೋಗಿ, ಎಷ್ಟು ದಿನ ಹೋದೆವು ಎಂದು ಬರೆದಿಟ್ಟುಕೊಂಡು, ಆಮೇಲೆ ತಿಂಗಳ ಫೀಸನ್ನು ತಿಂಗಳಿಗೆ ಬೀಳುವ ಆ ದಿನಗಳಿಂದ ಭಾಗಿಸಬೇಕು. ಬರುವ ಮೊತ್ತ ಬಿಡಿ ಕ್ಲಾಸಿನ ದರಕ್ಕಿಂತ ಕಡಿಮೆಯಿದ್ದರೆ ಮಾತ್ರ ಪ್ಯಾಕೇಜಿನ ಮಾತು.